ದಂಡಿನಶಿವರದ ತೋಟದಲ್ಲಿ ಜನತಾ ವಾಚ್

ಬೆಂಗಳೂರಿಂದ ನಮ್ಮ ದಂಡಿನಶಿವರಕ್ಕೆ ನಾನು ಹೋಗೋದು ತುಮಕೂರಿನ ಮೇಲೇ. ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರದು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ವಾಚ್ ಶುರು ಮಾಡಿದ ಎಚ್‌ಎಂಟಿ, 1978ರಲ್ಲಿ ತುಮಕೂರಿಗೂ ಬಂತು.

ನಮ್ಮ ತಾತ ಇವತ್ತಿಗೂ ಎಚ್‌ಎಂಟಿ ಜನತಾಗೆ ಕೀ ಕೊಟ್ಟೇ ತೋಟಕ್ಕೆ ಹೊರಡೋದು. ಕೀ ಕೊಟ್ಟಾಗ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತೆ. ಅದು ನಿಧಾನಕ್ಕೆ ಬಿಚ್ಚಿಕೊಳ್ಳೋ ಬಲದಿಂದ ಪುಟ್ಟ ಚಕ್ರವೊಂದು ಅತ್ತಿತ್ತ ತೂಗುತ್ತೆ, ಸೆಕೆಂಡಿಗೆ ಐದು ಟಿಕ್. ದಿನಕ್ಕೆ ಕೆಲವು ಸೆಕೆಂಡು ಹಿಂದೆ ಮುಂದೆ ಆಗೋದು ಸಹಜ.

ನನ್ನ ಕೈಲಿರೋ ಕ್ವಾರ್ಟ್ಜ್ ವಾಚಿನ ಕಥೆ ಬೇರೆ. ಬ್ಯಾಟರಿ ಬಲದಿಂದ ಅದರ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಚಿಪ್ ಅದನ್ನ 15 ಸಲ ಅರ್ಧ ಮಾಡಿದರೆ ಸೆಕೆಂಡಿಗೆ ಸರಿಯಾಗಿ ಒಂದು! ತಿಂಗಳಿಗೆ ಕೆಲವೇ ಸೆಕೆಂಡು ವ್ಯತ್ಯಾಸ. 1969ರಲ್ಲಿ ಸೀಕೋ ತಂದ ಈ ತಂತ್ರ ಸ್ವಿಸ್ ಕಂಪನಿಗಳನ್ನೇ ನಡುಗಿಸಿತು.

2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿತು. ಅಟ್ಟದ ಮೇಲೆ ಕೊಬ್ಬರಿಗಾಗಿ ಹೆಚ್ಚುಕಮ್ಮಿ ವರ್ಷ ಕಾಯೋ ನಮ್ಮೂರಲ್ಲಿ ಕೆಲವು ಸೆಕೆಂಡು ಲೆಕ್ಕಕ್ಕಿಲ್ಲ. ಕೀ ಕೊಡೋ ವಾಚ್ ಬಿಚ್ಚಿ ಜೋಡಿಸೋಕೆ ಬರೋರು ಕಮ್ಮಿಯಾಗ್ತಿರೋದೇ ಚಿಂತೆ. ನಿಮ್ಮ ಮನೇಲೂ ಹಳೇ ಜನತಾ ಇದ್ದರೆ, ಅಂಥೋರು ಸಿಗುವಾಗಲೇ ಸರ್ವೀಸ್ ಮಾಡಿಸಿಬಿಡಿ.