ತಲ್ಲೂರಿನಲ್ಲಿ ನಿಂತ ಮನೆಬಂಡಿ

ಕುಂದಾಪುರದಿಂದ ಉತ್ತರಕ್ಕೆ ಹೊರಟ ಪ್ರವಾಸಿಗನ ಕಣ್ಣಿಗೆ ತಲ್ಲೂರು ಸಾಮಾನ್ಯವಾಗಿ ಬೀಳುವುದಿಲ್ಲ. ಮರವಂತೆಯಲ್ಲಿ ಕಡಲೂ ಸೌಪರ್ಣಿಕೆಯೂ ಹೆದ್ದಾರಿಯ ಇಕ್ಕೆಲಗಳಿಗೆ ಬಂದು ನಿಲ್ಲುವ ನೋಟದ ಆತುರದಲ್ಲಿ ಇದನ್ನು ದಾಟಿಬಿಡುತ್ತಾನೆ. ನಮಗೆ ಮಾತ್ರ ಮಿತ್ರರೊಬ್ಬರ ಕ್ಯಾಂಪರ್‌ವ್ಯಾನು ಈ ಊರನ್ನು ಸಾವಕಾಶವಾಗಿ ತೋರಿಸಿತು. ಅವರ ತಾಯಿಯವರ ಇನ್ಸುಲಿನ್ನಿಗಾಗಿ ತಂಪುಪೆಟ್ಟಿಗೆ ರಾತ್ರಿಯಿಡೀ ನಡೆದಿತ್ತು. ಇಂಥ ಗಾಡಿಗೆ ಮನೆವಾರ್ತೆಗೆಂದೇ ಎರಡನೆಯ ಬ್ಯಾಟರಿಯಿರಬೇಕು. ಇದರಲ್ಲಿ ಎಲ್ಲಕ್ಕೂ ಒಂದೇ. ಬೆಳಗ್ಗೆ ಕೀಲಿ ತಿರುವಿದರೆ 'ಟಿಕ್' ಎಂಬ ಸದ್ದೊಂದೇ! ವೈಶಾಖದ ಬಿಸಿಲೇರುತ್ತಿತ್ತು, ಮದ್ದು ಕೆಡುವ ಭಯ.

ಲಾರಿಯವನೊಬ್ಬ ತಾನಾಗಿಯೇ ನಿಲ್ಲಿಸಿದ. ಆದರೆ ಲಾರಿಯದು 24 ವೋಲ್ಟು, ವ್ಯಾನಿನದು 12. ಜೋಡಿಸಿದರೆ ವ್ಯಾನಿನ ಎಲೆಕ್ಟ್ರಾನಿಕ್ ಕರುಳೇ ಸುಟ್ಟೀತೆಂದು ಎಚ್ಚರಿಸಿದವನೂ ಅವನೇ, ಎದುರು ಬಂದ ಪಿಕಪ್ಪನ್ನು ತಡೆದವನೂ ಅವನೇ. ಕೆಂಪು ತಂತಿ ಧನದಿಂದ ಧನಕ್ಕೆ. ಕಪ್ಪು ತಂತಿ ಪಿಕಪ್ಪಿನ ಋಣದಿಂದ ನಮ್ಮ ಎಂಜಿನ್ನಿನ ಬರಿಯ ಲೋಹಕ್ಕೆ. ಬ್ಯಾಟರಿಯ ಬಳಿಯೇ ಕಿಡಿ ಹಾರಿದರೆ ಅದು ಹೊರಬಿಡುವ ಜಲಜನಕ ಹೊತ್ತಿಕೊಳ್ಳಬಹುದಷ್ಟೆ. ಐದು ನಿಮಿಷ ಕಾದು ತಿರುವಿದೆವು, ಎಂಜಿನ್ನು ಗುಡುಗಿತು.

"ಮದ್ದ್ ಬಿಸ್ಲಿಗ್ ಇಡ್ಬೇಡಿ ಮರಾಯ್ರೆ" ಎಂದು ಪಿಕಪ್ಪಿನಾತ ಹೊರಟುಹೋದ. ಬೈಂದೂರಿನವರೆಗೆ ಎಂಜಿನ್ನು ಆರಿಸಲಿಲ್ಲ. ಮರವಂತೆಯ ಕಡಲನ್ನು ಕಿಟಕಿಯಿಂದಲೇ ನೋಡಿದ್ದಾಯಿತು.