ಒಂದು ಹಲ್ಲಿನ ಕಥೆ

ಹಲ್ಲು ಎಂದೊಡನೆ ವಾಚಕರು ದಂತವೈದ್ಯರನ್ನು ನೆನೆದು ದವಡೆ ಹಿಡಿದುಕೊಳ್ಳಬೇಕಾಗಿಲ್ಲ. ನಾನು ಹೇಳಹೊರಟಿರುವುದು ಮೋಟಾರು ಸೈಕಲ್ಲಿನ ಹಲ್ಲಿನ ಮಾತು. ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ಗುಮಾಸ್ತನಿಗೆ, ಅದರಲ್ಲಿಯೂ ಬಿ.ಎ. ಓದಿದವನಿಗೆ, ಯಂತ್ರದ ಗೊಡವೆ ಏಕೆಂದು ನೀವು ಕೇಳಬಹುದು. ಬೇಕೆಂದು ಹಚ್ಚಿಕೊಂಡದ್ದಲ್ಲ, ಸಂಸಾರ ಹಚ್ಚಿಸಿತು.

ನನಗೆ ಕೆಲಸ ಕೊಚ್ಚಿಯಲ್ಲಿ. ನನ್ನ ಮನೆಯವಳಿಗೆ ಬ್ಯಾಂಕಿನಲ್ಲಿ ಕೆಲಸ, ತಿರುವನಂತಪುರದಲ್ಲಿ. ಐದು ವರ್ಷದ ಮಗಳು ತಾಯಿಯ ಜೊತೆಗಿದ್ದಾಳೆ. ನಡುವೆ ಇನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಶನಿವಾರ ಬೆಳಗಿನ ಜಾವ ಹೊರಟು ಭಾನುವಾರ ಮಧ್ಯಾಹ್ನ ಹಿಂದಿರುಗುವುದು ನನ್ನ ಪದ್ಧತಿ. "ವಂಚಿನಾಡ್ ಎಕ್ಸ್‌ಪ್ರೆಸ್ ಇದೆಯಲ್ಲ, ರೈಲಿಗೆ ಏನಾಗಿದೆ?" ಎಂದು ಮಿತ್ರರು ಕೇಳುತ್ತಾರೆ. ರೈಲಿಗೆ ಏನೂ ಆಗಿಲ್ಲ. ಆದರೆ ನನ್ನಲ್ಲಿ ಅಪ್ಪನ ಬುಲೆಟ್ ಇದೆ.

ಅಪ್ಪ ತೀರ್ಥಹಳ್ಳಿಯ ಕಡೆ ಮೇಷ್ಟರಾಗಿದ್ದರು. 1998ರಲ್ಲಿ ಸಾಲ ಮಾಡಿ ಕೊಂಡ ಗಾಡಿ ಅದು. ಬಲಗಾಲಿನ ಗೇರು, ನಾಲ್ಕೇ ಗೇರು, 346 ಸಿ.ಸಿ.ಯ ಎರಕದ ಕಬ್ಬಿಣದ ಇಂಜಿನು. ಅಮ್ಮನನ್ನು ಹಿಂದೆ ಕೂರಿಸಿಕೊಂಡು ಆಗುಂಬೆಯ ತಿರುವುಗಳನ್ನು ಒಂದೂ ಬಾರಿ ಕಾಲೂರದೆ ಹತ್ತುತ್ತಿದ್ದರು. "ಗಾಡಿ ಅಂದ್ರೆ ಘಟ್ಟಕ್ಕೆ ಹೆದರಬಾರದು" ಎಂಬುದು ಅವರ ಸಿದ್ಧಾಂತ. 2020ರಲ್ಲಿ ಅವರು ತೀರಿಕೊಂಡ ಮೇಲೆ ಗಾಡಿ ಎರಡು ವರ್ಷ ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ನಿಂತಿತ್ತು. ನಾನು ಅದನ್ನು ಕೊಚ್ಚಿಗೆ ತಂದೆ. ಕಾಯಿದೆಯಂತೆ ಇಲ್ಲಿಯ ನೋಂದಣಿಯೂ ಆಯಿತು. ಕೆಎ 14 ಹೋಗಿ ಕೆಎಲ್ 07 ಬಂತು. ಅಮ್ಮ ಫೋನಿನಲ್ಲಿ, "ನಂಬರ್ ಹೋದ್ರೆ ಹೋಗ್ಲಿ ಮಾರಾಯ, ಗಾಡಿಯ ಬೇರೆ ಎಂತದನ್ನೂ ಮುಟ್ಬೇಡ" ಎಂದರು. ಆಗಲಿ ಎಂದು ಮಾತು ಕೊಟ್ಟೆ.

ಆದರೆ ಘಟ್ಟದ ಗುಣವೇ ಬೇರೆ, ಕರಾವಳಿಯ ಗುಣವೇ ಬೇರೆ. ಅರೂರು ದಾಟಿದರೆ ಚೇರ್ತಲ, ಆಲಪ್ಪುಳ, ಹರಿಪ್ಪಾಡ್, ಕಾಯಂಕುಳಂ, ಕರುನಾಗಪ್ಪಳ್ಳಿ, ಕೊಲ್ಲಂವರೆಗೆ ಅಂಗೈಯಂತೆ ಸಮತಟ್ಟಾದ ದಾರಿ. ರಾಷ್ಟ್ರೀಯ ಹೆದ್ದಾರಿ 66ನ್ನು ಅಗಲಿಸುವ ಕೆಲಸದಿಂದಾಗಿ ಅಲ್ಲಲ್ಲಿ ಸುತ್ತುದಾರಿ ಹಿಡಿಯಬೇಕಾಗಿ ಬಂದರೂ, ದಾರಿ ಬಿಡುವಾಗಿ ಸಿಕ್ಕಿದ ಕಡೆ ಗಾಡಿ ಓಡಬೇಕು. ಅಪ್ಪನ ಗಾಡಿ ಓಡುತ್ತಿತ್ತು, ಆದರೆ ಒದರುತ್ತಾ ಓಡುತ್ತಿತ್ತು. 60ರವರೆಗೆ ಸುಖ, 70ಕ್ಕೆ ಹಿಡಿಕೆಯೂ ಪಾದದಾಣಿಯೂ ಜೇನುಹುಟ್ಟಿನಂತೆ ಗುಂಯ್‌ಗುಡುತ್ತಿದ್ದವು. ಕೊಲ್ಲಂ ತಲಪುವ ವೇಳೆಗೆ ಬೆರಳುಗಳು ನನ್ನವೆಂಬ ಅರಿವೇ ಇರುತ್ತಿರಲಿಲ್ಲ.

ಒಂದು ಶನಿವಾರ ಮನೆ ಸೇರಿದೆ. ಮಗಳು ಶಾಲೆಯಲ್ಲಿ ಮಾಡಿದ ಜೇಡಿಮಣ್ಣಿನ ಆನೆಯನ್ನು ಒಂದು ವಾರ ನನಗಾಗಿ ಕಾಪಾಡಿ ಇಟ್ಟಿದ್ದಳು. ಬಾಗಿಲಲ್ಲಿಯೇ ತಂದು ಕೈಗಿತ್ತಳು. ಹಿಡಿದೆನೆಂದೇ ನಾನು ತಿಳಿದದ್ದು. ಜೋಮು ಹಿಡಿದ ಬೆರಳುಗಳು ಹಿಡಿದಿರಲಿಲ್ಲ. ಆನೆ ನೆಲಕ್ಕೆ ಬಿದ್ದು ನಾಲ್ಕು ಚೂರಾಯಿತು. ಮಗು ಅತ್ತಿತು. ತಪ್ಪು ನನ್ನದು, ಆದರೂ ಐದೂವರೆ ಗಂಟೆಯ ದಣಿವಿನಲ್ಲಿ ನಾನು ಮಗುವನ್ನೇ ಗದರಿಸಿದೆ. ಅವಳು ಅಳು ನಿಲ್ಲಿಸಿ ನನ್ನನ್ನು ದಿಟ್ಟಿಸಿ ನೋಡಿದಳು. ಆ ನೋಟವನ್ನು ಮರೆಯಲಾರೆ. ವಾರಕ್ಕೆ ಒಂದೂವರೆ ದಿನದ ತಂದೆ ಆ ಒಂದೂವರೆ ದಿನವನ್ನೂ ಹೀಗೆ ಹಾಳುಮಾಡಿಕೊಂಡರೆ ಈ ಪ್ರಯಾಣ ಯಾರಿಗಾಗಿ?

ಸೋಮವಾರ ಕಚೇರಿ ಬಿಟ್ಟವನು ಕಲೂರಿನ ಒಂದು ಸಣ್ಣ ವರ್ಕ್‌ಶಾಪಿಗೆ ಹೋದೆ. ಅಲ್ಲಿಯ ಹಿರಿಯ ಮೆಕ್ಯಾನಿಕ್ಕನ್ನು ಎಲ್ಲರೂ ಆಶಾನ್ ಎನ್ನುತ್ತಾರೆ. ನಮ್ಮಲ್ಲಿ ಗುರುಗಳು ಎಂದಂತೆ. ಅವರು ಮೊದಲು ಬೈದರು. ಇಂಜಿನಿನ ತಲೆಯನ್ನು ಚೌಕಟ್ಟಿಗೆ ಬಿಗಿಯುವ ಪಟ್ಟಿಯ ಬೋಲ್ಟು ಸಡಿಲವಾಗಿತ್ತು, ಚೈನು ಜೋತುಬಿದ್ದಿತ್ತು. ಅವನ್ನು ಸರಿಪಡಿಸಿದ್ದರಿಂದಲೇ ಒದರಾಟ ಎಷ್ಟೋ ಇಳಿಯಿತು. ಉಳಿದದ್ದಕ್ಕೆ ಅವರು ಹೇಳಿದ ಮದ್ದು: "ಪಲ್ಲು ಮಾಟ್ಟಣಂ." ಹಲ್ಲು ಬದಲಾಯಿಸಬೇಕು!

ಆ ಮಾತು ಕೇಳಿ ನನಗೆ ರೋಮಾಂಚನವಾಯಿತೆಂದರೆ ನಗಬೇಡಿ. ಹಳಗನ್ನಡದ 'ಪಲ್' ನಮ್ಮ ಬಾಯಲ್ಲಿ 'ಹಲ್ಲು' ಆಗಿ ಎಷ್ಟೋ ಶತಮಾನ ಸಂದವು. ಪಂಪನ ಕಾಲದ ಆ ಪಕಾರ ಕಲೂರಿನ ವರ್ಕ್‌ಶಾಪಿನಲ್ಲಿ ಎಣ್ಣೆ ಬಳಿದುಕೊಂಡು ಇನ್ನೂ ಬದುಕಿದೆ. ಅವರ 'ವಂಡಿ' ನಮ್ಮ 'ಬಂಡಿ'. ಪರಭಾಷೆಯ ಊರಿನಲ್ಲಿದ್ದೇವೆಂದು ನಾವು ಕೊರಗುತ್ತೇವೆ. ಅದು ಪರಭಾಷೆಯಲ್ಲ, ದೊಡ್ಡಪ್ಪನ ಮಕ್ಕಳ ಭಾಷೆ.

ಇನ್ನು ಲೆಕ್ಕಕ್ಕೆ ಬರೋಣ. ಗೇರ್‌ಬಾಕ್ಸಿನ ಬಳಿ ಚೈನನ್ನು ಎಳೆಯುವ ಹಲ್ಲಿನ ಬಿಲ್ಲೆಗೆ ಸ್ಪ್ರಾಕೆಟ್ ಎನ್ನುತ್ತಾರೆ. ನನ್ನ ಗಾಡಿಯ ಮುಂದಿನ ಬಿಲ್ಲೆಗೆ 16 ಹಲ್ಲು, ಹಿಂದಿನ ಚಕ್ರದಲ್ಲಿ 38. ಅಂದರೆ ಹಿಂದಿನ ಚಕ್ರ 100 ಸುತ್ತು ತಿರುಗಲು ಮುಂದಿನ ಬಿಲ್ಲೆ 237½ ಸುತ್ತು ತಿರುಗಬೇಕು. ಮುಂದೆ 17 ಹಲ್ಲು ಹಾಕಿದರೆ ಸುಮಾರು 223½ ಸುತ್ತು ಸಾಕು; 18 ಹಾಕಿದರೆ 211. ಇನ್ನೊಂದು ರೀತಿ ಹೇಳುವುದಾದರೆ, 16ರಲ್ಲಿ 60 ಕಿಲೋಮೀಟರ್ ವೇಗಕ್ಕೆ ಇಂಜಿನು ಎಷ್ಟು ಕಷ್ಟಪಡುತ್ತಿತ್ತೋ ಅಷ್ಟೇ ಸುತ್ತಿಗೆ 17ರಲ್ಲಿ ಸುಮಾರು 64, 18ರಲ್ಲಿ 67½ ಕಿಲೋಮೀಟರ್ ವೇಗ ದೊರೆಯುತ್ತದೆ. ಒಂಟಿ ಪಿಸ್ಟನ್ನು ಮೇಲೆ ಕೆಳಗೆ ಕುಣಿಯುವುದರಿಂದ ಹುಟ್ಟುವ ನಡುಕದ ಬಲ ಸುತ್ತಿನ ವರ್ಗಕ್ಕೆ ಅನುಸಾರವಾಗಿ ಏರುತ್ತದೆ. ಆದ್ದರಿಂದ ಅದೇ ವೇಗದಲ್ಲಿ ಸುತ್ತು 100ಕ್ಕೆ 6ರಷ್ಟು ತಗ್ಗಿದರೆ ಆ ಬಲ 100ಕ್ಕೆ 11ರಷ್ಟು ತಗ್ಗುತ್ತದೆ. ಒಂದೇ ಹಲ್ಲಿನ ಮಹಿಮೆ!

ಲೆಕ್ಕ ತಿಳಿದ ಮೇಲೆ ಆಸೆ ಬಾರದಿದ್ದೀತೆ? ಒಂದು ಹಲ್ಲಿಗೆ ಇಷ್ಟಾದರೆ ಎರಡಕ್ಕೆ ಎಷ್ಟು! ಆಶಾನ್ 17 ಸಾಕೆಂದರು. ನಾನು 18 ಎಂದು ಹಟ ಹಿಡಿದೆ. ಈ ಬುಲೆಟ್ಟಿನಲ್ಲಿ ಆ ಬಿಲ್ಲೆ ಕ್ಲಚ್ಚಿನ ಹಿಂದೆ ಅಡಗಿ ಕುಳಿತಿರುತ್ತದೆ. ಎಣ್ಣೆ ಬಸಿದು, ಮುಚ್ಚಳ ತೆಗೆದು, ಕ್ಲಚ್ಚು ಬಿಚ್ಚಿ, ಒಳಮುಚ್ಚಳವನ್ನೂ ಕಳಚಿದರೆ ಮಾತ್ರ ಅದರ ದರ್ಶನ. ಹಳೆಯ ಚೈನು ಹೊಸ ಹಲ್ಲನ್ನು ತಿನ್ನುವುದರಿಂದ ಚೈನೂ ಹೊಸದು. ನನ್ನ ಗಾಡಿಯಲ್ಲಿ ಸ್ಪೀಡೋಮೀಟರಿಗೆ ಚಾಲನೆ ಮುಂದಿನ ಚಕ್ರದಿಂದ ಬರುವುದರಿಂದ ಮುಳ್ಳು ಸುಳ್ಳು ಹೇಳುವ ಭಯವಿರಲಿಲ್ಲ. ನಮ್ಮ ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ಡಿಯಂತಹ ಗಾಡಿಗಳಲ್ಲಿ ಅದು ಗೇರ್‌ಬಾಕ್ಸಿನಿಂದಲೇ ಬರುವುದು. ಅಲ್ಲಿ ಹಲ್ಲು ಬದಲಾದರೆ ಮುಳ್ಳಿನ ಲೆಕ್ಕವೂ ತಪ್ಪುತ್ತದೆ.

ಮೊದಲ ಶನಿವಾರ ಸ್ವರ್ಗಸುಖ. ಆಲಪ್ಪುಳದಲ್ಲಿ 2021ರಲ್ಲಿ ತೆರೆದ ಬೈಪಾಸಿನ ಮೇಲೆ, ಬಲಕ್ಕೆ ಕಡಲು ಕಾಣುತ್ತಿರಲು, ಗಾಡಿ ಗಂಭೀರವಾಗಿ ಡುಗು ಡುಗು ಎನ್ನುತ್ತಾ ಸಾಗಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಮರುದಿನ ಮಗಳನ್ನು ನೆರೆಮನೆಯಲ್ಲಿ ಬಿಟ್ಟು, ಮನೆಯವಳನ್ನು ಕೂರಿಸಿಕೊಂಡು ಎಂ.ಸಿ. ರಸ್ತೆಯಲ್ಲಿ ಕಿಳಿಮಾನೂರಿಗೆ ಹೊರಟೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಚಿತ್ರಗಳನ್ನು ಕಂಡು ಬೆಳೆದವಳಿಗೆ ರವಿವರ್ಮ ಹುಟ್ಟಿದ ಊರನ್ನು ನೋಡುವ ಆಸೆ. ಆ ರಸ್ತೆ ಏರಿಳಿತದ ರಸ್ತೆ. ಏರು ಬಂದ ಕಡೆಯಲ್ಲೆಲ್ಲ ಗಾಡಿ ಉಬ್ಬಸದ ಮುದುಕನಂತೆ ಕೆಮ್ಮಿತು. ನಾಲ್ಕರಿಂದ ಮೂರು, ಮೂರರಿಂದ ಎರಡು. ಒಂದು ಏರಿನ ನಡುವೆ ಬಸ್ಸೊಂದು ಹಿಂದಿನಿಂದ ಅಬ್ಬರಿಸುತ್ತಿರಲು ಇಂಜಿನು ನಿಂತೇಹೋಯಿತು. ಕಾಲೂರಿದೆ. ಬಸ್ಸು ಮೈಮೇಲೆ ಬಂದಂತೆ ಬಂದು, ಪಕ್ಕಕ್ಕೆ ತಿರುಗಿ ಹೋಯಿತು. ಮನೆಯವಳು ನನ್ನ ಹೆಗಲನ್ನು ಹಿಡಿದ ಹಿಡಿತ ಎರಡು ದಿನ ನೋಯುತ್ತಿತ್ತು. ಬಹಳ ಹೊತ್ತಿನ ಮೇಲೆ ಅವಳು, "ಮಾವನವರಿದ್ದಿದ್ದರೆ ನಿಮಗೆ ಏನು ಹೇಳುತ್ತಿದ್ದರು?" ಎಂದಳು.

ಏನು ಹೇಳುತ್ತಿದ್ದರೆಂದು ನನಗೆ ಗೊತ್ತು. ಚಕ್ರಕ್ಕೆ ಓಟ ಕೊಟ್ಟಷ್ಟೂ ಎಳೆತ ಕಳೆಯುತ್ತದೆ; 18 ಹಲ್ಲಿಗೆ ಎಳೆಯುವ ಬಲ 100ಕ್ಕೆ 11ರಷ್ಟು ಕಡಮೆ. ಎರಡು ಕಿಸೆಯೂ ಒಂದೇ ಸಂಬಳದಿಂದ ತುಂಬಬೇಕು. ಸುಖದ ಕಿಸೆಗೇ ಎಲ್ಲವನ್ನೂ ಸುರಿದು ಶಕ್ತಿಯ ಕಿಸೆಯನ್ನು ನಾನು ಬರಿದು ಮಾಡಿದ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಗಾಡಿಗೂ ಸಲ್ಲುತ್ತದೆ.

ಮತ್ತೆ ಕಲೂರು, ಮತ್ತೆ ಕ್ಲಚ್ಚು ಬಿಚ್ಚುವ ಕೂಲಿ. ಆಶಾನ್ ನಗಲಿಲ್ಲ, ನನಗಾಗಿ ತೆಗೆದಿಟ್ಟಿದ್ದ 17ನ್ನು ಪೆಟ್ಟಿಗೆಯಿಂದ ಎತ್ತಿಕೊಂಡರು, ಅಷ್ಟೆ. ಈಗ ಗಾಡಿ 70ರಲ್ಲಿಯೂ ಹದವಾಗಿದೆ, ಇಬ್ಬರನ್ನು ಹೊತ್ತು ಏರನ್ನೂ ಹತ್ತುತ್ತದೆ. ನನ್ನಂತೆ ಮಾಡಹೊರಡುವವರಿಗೆ ಒಂದು ಮಾತು: ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, 2019ರಲ್ಲಿ ಕೇರಳದಿಂದ ಹೋದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಮೇಲು.

ಅಮ್ಮನಿಗೆ ಕೊಟ್ಟ ಮಾತು ಮುರಿದಿದ್ದೆನಲ್ಲ. ಎರಡು ತಿಂಗಳ ಮೇಲೆ ಧೈರ್ಯ ಮಾಡಿ ಹೇಳಿದೆ. ಆನೆ ಒಡೆದದ್ದನ್ನೂ ಬಸ್ಸಿನ ಸಂಗತಿಯನ್ನೂ ಮುಚ್ಚಿಡಲಿಲ್ಲ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಪ್ಪಂಗೆ ಘಟ್ಟ ಇತ್ತು, ಅದಕ್ಕೆ ಆ ಹಲ್ಲು. ನಿಂಗೆ ಈಗ ಘಟ್ಟ ಎಲ್ಲುಂಟು? ಹಳೇದನ್ನ ಮಾತ್ರ ಬಿಸಾಡ್ಬೇಡ. ಊರಿಗೆ ಬರೋವಾಗ ತಗೊಂಡು ಬಾ" ಎಂದರು.

ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಆ 16 ಹಲ್ಲಿನ ಬಿಲ್ಲೆ ಈಗ ನನ್ನ ಮೇಜಿನ ಖಾನೆಯಲ್ಲಿದೆ. ದಣಿವೆನಿಸಿದ ವಾರ ನಾನು ವಂಚಿನಾಡಿನಲ್ಲಿಯೇ ಹೋಗುತ್ತೇನೆ. ಅದಕ್ಕೂ ಈಗ ನಾಚಿಕೆಯಿಲ್ಲ. ಮಗಳು ಹೊಸದೊಂದು ಆನೆ ಮಾಡಿದ್ದಾಳೆ. ಕಳೆದ ಶನಿವಾರ ಬಾಗಿಲಲ್ಲಿ ನಿಂತು, ಕೊಡುವ ಮೊದಲು, "ಅಪ್ಪಾ, ಕೈ ತೋರಿಸು" ಎಂದಳು. ತೋರಿಸಿದೆ. ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಆಮೇಲೆ ಆನೆಯನ್ನು ಕೊಟ್ಟಳು.