ಅಭಿಮಾನಿಯ ಅಭಿಮಾನಿ

ಕನ್ನಡದಲ್ಲಿ 'ಅಭಿಮಾನಿ' ಎಂಬ ಮಾತಿಗೆ ಎರಡು ಅರ್ಥ. ನಟನ ಕಟೌಟಿಗೆ ಹಾಲು ಸುರಿಯುವವನೂ ಅಭಿಮಾನಿ, ಯಾರ ಮುಂದೆಯೂ ಕೈಚಾಚದೆ ಮಾನವೊಂದನ್ನೇ ಆಸ್ತಿಯೆಂದುಕೊಂಡು ಬದುಕುವವನೂ ಅಭಿಮಾನಿ. ಹೆಚ್ಚಿನ ಭಾಷೆಗಳಲ್ಲಿ ಇವರಿಬ್ಬರಿಗೂ ಸಂಬಂಧವಿರಲಿಕ್ಕಿಲ್ಲ. ನನ್ನ ಮಟ್ಟಿಗೆ ಈ ಎರಡು ಅರ್ಥಗಳೂ ಒಬ್ಬ ಹುಡುಗಿಯ ಬಳಿ ಬಂದು ಕೂಡುತ್ತವೆ. ಅವಳ ಹೆಸರು ಅಸುಕಾ ಲ್ಯಾಂಗ್ಲಿ ಸೋರ್ಯು. ವಯಸ್ಸು ಹದಿನಾಲ್ಕು, ಕೆಂಪು ಕೂದಲು, ಬಾಯಿ ಸ್ವಲ್ಪ ಜೋರು. ಅವಳು ಇರುವುದು 'ನಿಯಾನ್ ಜೆನಿಸಿಸ್ ಇವಾಂಜೆಲಿಯನ್' ಎಂಬ ಜಪಾನಿನ ಅನಿಮೆಯಲ್ಲಿ.

ನೋಡದವರಿಗಾಗಿ ಎರಡು ಮಾತು. ಹಿದೆಯಾಕಿ ಅನ್ನೋ ನಿರ್ದೇಶಿಸಿದ, ಗೈನಾಕ್ಸ್ ಸ್ಟುಡಿಯೋದ ಈ ಸರಣಿ 1995ರ ಅಕ್ಟೋಬರಿನಿಂದ 1996ರ ಮಾರ್ಚ್‌ವರೆಗೆ ಟಿವಿ ಟೋಕಿಯೋದಲ್ಲಿ ಬಂತು. ಒಟ್ಟು 26 ಕಂತು. ಅರ್ಧ ಲೋಕವೇ ಅಳಿದುಹೋದ ಮೇಲೆ, 'ಏಂಜೆಲ್'ಗಳೆಂಬ ವಿಚಿತ್ರ ಜೀವಿಗಳು ಒಂದೊಂದಾಗಿ ಬಂದು ದಾಳಿ ಮಾಡುತ್ತವೆ. ಅವನ್ನು ಎದುರಿಸಲು 'ಇವಾ' ಎಂಬ ದೈತ್ಯಯಂತ್ರಗಳಿವೆ. ಅವುಗಳೊಳಗೆ ಕೂತು ಹೋರಾಡಬೇಕಾದವರು ಹದಿನಾಲ್ಕರ ಮಕ್ಕಳು, ತಾಯಿಯ ಆಸರೆ ಇಲ್ಲದ ಮಕ್ಕಳು. ಪೈಲಟ್‌ನ ಮನಸ್ಸು ಇವಾದೊಂದಿಗೆ ಎಷ್ಟು ಬೆರೆಯುತ್ತದೆ ಎಂಬುದನ್ನು 'ಸಿಂಕ್ ರೇಟ್' ಎಂಬ ಸಂಖ್ಯೆಯಲ್ಲಿ ಅಳೆಯುತ್ತಾರೆ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಅಸುಕಾಳ ಪ್ರಾಣವಿರುವುದು ಅದರಲ್ಲಿ.

2019ರ ಜೂನ್‌ನಲ್ಲಿ ಈ ಸರಣಿ ನೆಟ್‌ಫ್ಲಿಕ್ಸ್‌ಗೆ ಬಂದಾಗ ನಾನು ಎರಡನೇ ವರ್ಷದ ಬಿ.ಎಸ್ಸಿ.ಯಲ್ಲಿದ್ದೆ. ಹಾಸ್ಟೆಲಿನಲ್ಲಿ ನಾವು ನಾಲ್ವರು ಒಂದು ಫೋನಿನ ಸುತ್ತ ಕೂತು, ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾ ನೋಡಿದೆವು. ಅಸುಕಾ ಬರುವುದು ಎಂಟನೇ ಕಂತಿನಲ್ಲಿ. ಯುದ್ಧವಿಮಾನಗಳನ್ನು ಹೊತ್ತ ಹಡಗಿನ ಡೆಕ್ಕಿನ ಮೇಲೆ, ಹಳದಿ ಫ್ರಾಕು ತೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾಳೆ. ಅಲ್ಲಿಯವರೆಗೆ ನಾವು ನೋಡಿದ್ದು ಮುದುಡಿಕೊಂಡೇ ಇರುವ ಶಿಂಜಿಯನ್ನು, ಮಾತೇ ಆಡದ ರೇಯನ್ನು. ಇವಳು ಬಂದದ್ದೇ ಎಲ್ಲರನ್ನೂ ದಡ್ಡರೆಂದು ಕರೆದಳು. 'ಎಷ್ಟು ಕೊಬ್ಬು ನೋಡು ಇವಳಿಗೆ' ಎಂದು ಉಳಿದ ಮೂವರೂ ಮುಖ ಸಿಂಡರಿಸಿದರು. ನನಗೆ ಆಗಲೇ ಅವಳು ಹಿಡಿಸಿಬಿಟ್ಟಿದ್ದಳು.

ಏಕೆಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಈಗ ಯೋಚಿಸಿದರೆ ಸಣ್ಣಸಣ್ಣ ಸಂಗತಿಗಳು ನೆನಪಾಗುತ್ತವೆ. ಅಸುಕಾ ಜರ್ಮನಿಯಲ್ಲಿ ಆಗಲೇ ವಿಶ್ವವಿದ್ಯಾಲಯದ ಓದು ಮುಗಿಸಿದವಳು. ಆದರೂ ಜಪಾನಿನ ಶಾಲೆಯಲ್ಲಿ ಅವಳಿಗೆ ಅಂಕ ಕಡಿಮೆ, ಏಕೆಂದರೆ ಪ್ರಶ್ನೆಪತ್ರಿಕೆಯ ಕಾಂಜಿ ಲಿಪಿ ಓದಲು ಬರುವುದಿಲ್ಲ. ಒಂಬತ್ತನೇ ಕಂತಿನಲ್ಲಿ ಎರಡಾಗಿ ಸೀಳಿಕೊಳ್ಳುವ ಏಂಜೆಲ್ ಒಂದನ್ನು ಸೋಲಿಸಲು ಅವಳೂ ಶಿಂಜಿಯೂ 62 ಸೆಕೆಂಡುಗಳ ಹಾಡಿಗೆ ಒಂದೇ ತಾಳದಲ್ಲಿ ಕುಣಿಯುವುದನ್ನು ಕಲಿಯಬೇಕು. ಅವಳಿಗೆ ಆಗುವುದಿಲ್ಲ. ರೇ ಬಂದವಳೇ ಒಂದೇ ಸಲಕ್ಕೆ ಶಿಂಜಿಯ ಜೊತೆ ಸರಿಯಾಗಿ ಕುಣಿದು ತೋರಿಸುತ್ತಾಳೆ. ಅಸುಕಾ ಬಾಗಿಲು ತಳ್ಳಿಕೊಂಡು ಹೊರಗೆ ಓಡುತ್ತಾಳೆ. ಆದರೆ ಮರಳಿ ಬಂದು, ಹಟ ಹಿಡಿದು ಕಲಿತು, ಗೆಲ್ಲುತ್ತಾಳೆ. ಹೋರಾಟದ ಹಿಂದಿನ ರಾತ್ರಿ ಮಾತ್ರ ನಿದ್ದೆಯಲ್ಲಿ ಅಮ್ಮನನ್ನು ಕರೆಯುತ್ತಾಳೆ, ಮುಚ್ಚಿದ ಕಣ್ಣಿನಿಂದ ಒಂದು ಹನಿ ಜಾರುತ್ತದೆ. ಬೆಳಗ್ಗೆ ಎದ್ದರೆ ಮತ್ತದೇ ಜೋರು. ಹಗಲೆಲ್ಲ ಗಟ್ಟಿಯಾಗಿದ್ದು ರಾತ್ರಿ ಮಾತ್ರ ಸೋರುವವರನ್ನು ಕಂಡರೆ ನನಗೆ ಗುರುತು ಸಿಗುತ್ತದೆ.

ಅವಳ ಗಾಯ ಏನೆಂದು ಪೂರ್ತಿ ತಿಳಿಯುವುದು 22ನೇ ಕಂತಿನಲ್ಲಿ. ಬಾಹ್ಯಾಕಾಶದಲ್ಲಿ ನಿಂತ ಏಂಜೆಲ್ ಒಂದು ಬೆಳಕಿನ ಕಿರಣದಿಂದ ಅವಳ ಮನಸ್ಸನ್ನು ಬಗೆಯುತ್ತದೆ. ಹಿನ್ನೆಲೆಯಲ್ಲಿ ಹ್ಯಾಂಡೆಲ್‌ನ 'ಹಲ್ಲೆಲೂಯಾ', ಮುಂದೆ ಕಿರುಚುತ್ತಿರುವ ಹುಡುಗಿ. ಅವಳ ತಾಯಿ ಕ್ಯೋಕೋ ವಿಜ್ಞಾನಿ. ಇವಾದ ಪ್ರಯೋಗವೊಂದರಲ್ಲಿ ಆಕೆಯ ಮನಸ್ಸು ಒಡೆದುಹೋಗುತ್ತದೆ. ಆಮೇಲೆ ಆಸ್ಪತ್ರೆಯ ಹಾಸಿಗೆಯ ಮೇಲೆ ಬಟ್ಟೆಯ ಗೊಂಬೆಯೊಂದನ್ನು ಮಗಳೆಂದು ತಿಳಿದು ಮಾತಾಡಿಸುತ್ತಾ ಕೂರುತ್ತಾಳೆ. ನಿಜವಾದ ಮಗಳು ಬಾಗಿಲಲ್ಲಿ ನಿಂತಿದ್ದರೂ ಆಕೆಗೆ ಕಾಣುವುದಿಲ್ಲ. ತಾನು ಇವಾ ನಡೆಸಲು ಆಯ್ಕೆಯಾದ ದಿನ ಅಸುಕಾ ಸಂತೋಷದಿಂದ ಓಡುತ್ತಾಳೆ: ಇನ್ನಾದರೂ ಅಮ್ಮ ನನ್ನ ಕಡೆ ನೋಡುತ್ತಾಳೆ. ಬಾಗಿಲು ತೆರೆದರೆ ತಾಯಿ ಆಗಲೇ ಜೀವ ಕಳೆದುಕೊಂಡಿರುತ್ತಾಳೆ. ಅಂತ್ಯಕ್ರಿಯೆಯಲ್ಲಿ ಹಿರಿಯ ಹೆಂಗಸೊಬ್ಬಳು, ತಡೆದುಕೊಳ್ಳಬೇಡ ಮಗು, ಅಳಬಹುದು ಎನ್ನುತ್ತಾಳೆ. ತಾನು ಅಳುವುದಿಲ್ಲವೆಂದು ಪುಟ್ಟ ಅಸುಕಾ ಹೇಳಿಬಿಡುತ್ತಾಳೆ. ಮುಂದಿನ ಅವಳ ಕೊಬ್ಬೆಲ್ಲ ಅಂದು ಕೊಟ್ಟ ಆ ಮಾತನ್ನು ಉಳಿಸಿಕೊಳ್ಳುವ ಪಾಡು.

ನಮ್ಮಲ್ಲಿ ಇಂಥ ಹೊತ್ತಿಗೆಂದೇ ಒಂದು ಪದವಿದೆ: ಪಾಪ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಅದಾದ ಮೇಲೆ ನನ್ನ ಹೆಸರಿನ ಮುಂದೆ ಆ ಪದ ಅಂಟಿಕೊಂಡಿತು. ಮದುವೆಮನೆಯ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ ನನ್ನನ್ನು ನೋಡಿದವರ ಬಾಯಲ್ಲಿ ಮೊದಲು ಬರುತ್ತಿದ್ದುದೇ 'ಅಯ್ಯೋ ಪಾಪ'. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. 'ಅತ್ತುಬಿಡು ಮಗಳೇ, ಎದೆ ಹಗುರಾಗುತ್ತೆ' ಎಂದು ಅತ್ತೆ ಬೆನ್ನು ಸವರಿದ್ದು ಪ್ರೀತಿಯಿಂದಲೇ. ಆದರೆ ಪಾಪ ಎಂದವರು ನಿಮ್ಮನ್ನು ಸ್ವಲ್ಪ ಮೇಲಿನಿಂದ ನೋಡುತ್ತಿರುತ್ತಾರೆ. ಹನ್ನೆರಡು ವರ್ಷದ ಹುಡುಗಿಗೂ ಅದು ತಿಳಿಯುತ್ತದೆ. ಆ ನೋಟವನ್ನು ಬದಲಾಯಿಸಲು ನನಗೆ ಗೊತ್ತಿದ್ದ ದಾರಿ ಒಂದೇ, ಕ್ಲಾಸಿಗೆ ಮೊದಲಿಗಳಾಗುವುದು. ಮೊದಲ ರ‍್ಯಾಂಕಿನವಳನ್ನು ಯಾರೂ ಪಾಪ ಎನ್ನುವುದಿಲ್ಲ. ಒಬ್ಬರ ಕಣ್ಣಲ್ಲಿ ಕರುಣೆ ಹೋಗಿ ಬೆರಗು ಬರುವುದನ್ನು ನೋಡುವ ಸುಖವೇ ಬೇರೆ. ಅಸುಕಾ ಸೊಂಟದ ಮೇಲೆ ಕೈಯಿಟ್ಟು ನಿಂತಾಗ ನನಗೆ ಗುರುತು ಸಿಕ್ಕಿದ್ದು ಈ ಸುಖದ್ದು.

ಇವಾಂಜೆಲಿಯನ್ ಇಲ್ಲಿಗೇ ನಿಲ್ಲಿಸಿದ್ದರೆ ಅದು ನನ್ನಂಥವರ ಬೆನ್ನು ತಟ್ಟುವ ಕತೆಯಾಗುತ್ತಿತ್ತು. ಅದು ಮುಂದೆ ಹೋಗಿ ಈ ಅಭಿಮಾನದ ಒಳಗನ್ನೂ ತೋರಿಸುತ್ತದೆ. ಯಾರ ಹಂಗೂ ಬೇಡ, ಒಬ್ಬಳೇ ಬದುಕುತ್ತೇನೆ ಎನ್ನುವ ಅಸುಕಾ, ಒಳಗೊಳಗೆ ಪ್ರತಿಯೊಬ್ಬರಿಗೂ ನನ್ನನ್ನು ನೋಡಿ ಎಂದು ಮೊರೆಯಿಡುತ್ತಿರುತ್ತಾಳೆ. ಸ್ವತಂತ್ರಳಂತೆ ಕಾಣುವ ಅವಳ ಬದುಕು ನಿಂತಿರುವುದೇ ಬೇರೆಯವರ ಕಣ್ಣಿನ ಮೇಲೆ. ಅಮ್ಮನ ಕಣ್ಣಿನ ಜಾಗಕ್ಕೆ ಸಿಂಕ್ ರೇಟ್ ಬಂದಿದೆ, ಅಷ್ಟೆ. ಶಿಂಜಿಯ ಸಂಖ್ಯೆ ಅವಳದನ್ನು ದಾಟಿದ ದಿನದಿಂದ ಅವಳು ಕುಸಿಯತೊಡಗುತ್ತಾಳೆ. ಕುಸಿದಷ್ಟೂ ಸಂಖ್ಯೆ ಇಳಿಯುತ್ತದೆ, ಸಂಖ್ಯೆ ಇಳಿದಷ್ಟೂ ಕುಸಿಯುತ್ತಾಳೆ. ಏಂಜೆಲ್‌ನ ಕಿರಣದಿಂದ ಅವಳನ್ನು ಪಾರುಮಾಡುವವಳೂ ರೇ, ಅಸುಕಾ ಗೊಂಬೆಯೆಂದು ಹೀಯಾಳಿಸಿದ ಅದೇ ರೇ. ಜೀವ ಉಳಿದದ್ದಕ್ಕಿಂತ ಅವಳ ಕೈಯಿಂದ ಉಳಿಯಿತಲ್ಲ ಎಂಬುದೇ ಅಸುಕಾಗೆ ಹೆಚ್ಚು ನೋವು.

ನನಗೂ ಹೀಗೊಂದು ಸಂಖ್ಯೆ ಇಳಿದದ್ದಿದೆ. ಮೊದಲ ವರ್ಷದ ಪರೀಕ್ಷೆಯಲ್ಲಿ ಭೌತಶಾಸ್ತ್ರದಲ್ಲಿ 38 ಅಂಕ ಬಂತು. ಅಲ್ಲಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದ ನನಗೆ ಇಂಗ್ಲಿಷ್ ಪ್ರಶ್ನೆಗಳು ಅರ್ಥವಾಗುವಷ್ಟರಲ್ಲಿ ಸಮಯ ಮುಗಿದಿರುತ್ತಿತ್ತು. ಒಂದು ವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಊರಿಗೆ ಫೋನ್ ಮಾಡಲಿಲ್ಲ. ಮಾಡಿದರೆ ಆ ಪದ ಮತ್ತೆ ಕೇಳಬೇಕಾಗುತ್ತಿತ್ತು.

24ನೇ ಕಂತಿನಲ್ಲಿ ಅಸುಕಾಳೂ ಹೀಗೇ ಸಿಗುತ್ತಾಳೆ. ಪಾಳುಬಿದ್ದ ಮನೆಯೊಂದರ ಬಾತ್‌ಟಬ್ಬಿನಲ್ಲಿ, ಕೆನ್ನೆ ಬತ್ತಿ, ಶೂನ್ಯ ನೋಡುತ್ತಾ. ಅವಳ ಸುತ್ತ ಇರುವವರು ಕೆಟ್ಟವರಲ್ಲ, ಆದರೆ ಒಬ್ಬೊಬ್ಬರೂ ತಮ್ಮ ತಮ್ಮ ಗಾಯದಲ್ಲಿ ಮುಳುಗಿದ್ದಾರೆ. ಆಮೇಲೆ ಶಿಂಜಿ ಆಸ್ಪತ್ರೆಯ ಅವಳ ಹಾಸಿಗೆಯ ಬಳಿ ಬರುವುದು ಕೂಡ ನನ್ನನ್ನು ಕಾಪಾಡು ಎಂದು ಕೇಳಲು. ಪ್ರಜ್ಞೆಯಿಲ್ಲದೆ ಮಲಗಿದವಳಿಂದಲೂ ಸಹಾಯ ಬೇಡುತ್ತಾರೆ, ಅವಳಿಗೆ ಏನು ಬೇಕೆಂದು ಕೇಳುವವರಿಲ್ಲ.

ನನ್ನ ಪಾಲಿಗೆ ಒಬ್ಬಳಿದ್ದಳು. ಗದಗ ಕಡೆಯ ರೂಮ್‌ಮೇಟ್. ಏಳನೇ ದಿನ ತಟ್ಟೆ ತಂದು ಮೇಜಿನ ಮೇಲೆ ಕುಕ್ಕಿದಳು. 'ಎದ್ದೇಳ, ನಾರಾಕತ್ತೀದಿ. ಜಳಕಾ ಮಾಡಿ ಬಾ, ರೊಟ್ಟಿ ಆರಾಕತ್ತಾವ' ಎಂದಳು. ಸಮಾಧಾನ ಹೇಳಲಿಲ್ಲ, ಪಾಪ ಎನ್ನಲಿಲ್ಲ. ಮರುದಿನದಿಂದ ತನ್ನ ನೋಟ್ಸನ್ನು ನನ್ನ ದಿಂಬಿನ ಬಳಿ ಬಿಟ್ಟು ಕ್ಲಾಸಿಗೆ ಹೋಗುತ್ತಿದ್ದಳು, ಮರೆತು ಬಿಟ್ಟವಳ ಹಾಗೆ. ಅಭಿಮಾನವುಳ್ಳವರಿಗೆ ಕೊಡುವ ಕ್ರಮ ಅದು. ಕೊಟ್ಟದ್ದು ಕಾಣಬಾರದು. ಇಂಥ ಒಬ್ಬಳು ಅಸುಕಾಳ ಪಕ್ಕದ ಕೋಣೆಯಲ್ಲಿ ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅನಿಮೆ ಲೋಕದಲ್ಲಿ ಅಸುಕಾಳಂಥವರಿಗೆ 'ತ್ಸುಂದೆರೆ' ಎಂಬ ಹಣೆಪಟ್ಟಿ ಇದೆ. ಹೊರಗೆ ಸಿಡುಕು, ಒಳಗೆ ಒಲವು ಎಂದರ್ಥ. ಅವಳ ಗೊಂಬೆಗಳು, ಕೀಚೈನುಗಳು, ಟೀಶರ್ಟುಗಳು ಇಂದಿಗೂ ಮಾರಾಟವಾಗುತ್ತವೆ. ಸಿಡುಕನ್ನು ಮುದ್ದು ಎಂದು ನೋಡುವುದರಲ್ಲಿ ನನಗೆ ತಕರಾರಿದೆ. ಅದು ಕೂಡ ಪಾಪ ಎನ್ನುವುದರ ಇನ್ನೊಂದು ಬಗೆ. ಗೊಂಬೆಯನ್ನು ಮಗಳೆಂದು ತಿಳಿದ ತಾಯಿಯಿಂದ ಗಾಯಗೊಂಡವಳನ್ನು ಗೊಂಬೆ ಮಾಡಿ ಕಪಾಟಿನಲ್ಲಿಟ್ಟರೆ ಅವಳು ಏನೆನ್ನುತ್ತಿದ್ದಳೋ ಊಹಿಸುವುದು ಕಷ್ಟವಲ್ಲ.

ಅವಳನ್ನು ಅರ್ಥ ಮಾಡಿಕೊಳ್ಳಲು ನನಗೆ ಹೆಚ್ಚು ನೆರವಾದವನು ರನ್ನ. 'ಗದಾಯುದ್ಧ'ದ ದುರ್ಯೋಧನ ಎಲ್ಲರನ್ನೂ ಕಳೆದುಕೊಂಡು ವೈಶಂಪಾಯನ ಸರೋವರದ ನೀರೊಳಗೆ ಅಡಗುತ್ತಾನೆ. ಭೀಮನ ಮೂದಲಿಕೆ ಕೇಳಿದಾಗ ನೀರಿನೊಳಗಿದ್ದೂ ಬೆವರುತ್ತಾನೆ, ಸೋಲು ಖಚಿತವೆಂದು ಗೊತ್ತಿದ್ದೂ ಮೇಲೇಳುತ್ತಾನೆ. ರನ್ನ ತನ್ನ ದೊರೆಯನ್ನು ಹೋಲಿಸಿದ್ದು ಭೀಮನಿಗೆ. ಆದರೂ ಓದಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಅವನ ತಪ್ಪುಗಳನ್ನು ಒಂದೂ ಮರೆಯದೆ ನಾವು ಅವನ ಛಲಕ್ಕೆ ಅಭಿಮಾನಿಗಳಾಗುತ್ತೇವೆ. ಕನ್ನಡದ ಓದುಗರಿಗೆ ಇದು ಸಾವಿರ ವರ್ಷದ ರೂಢಿ.

1997ರ ಜುಲೈನಲ್ಲಿ ತೆರೆಕಂಡ 'ದಿ ಎಂಡ್ ಆಫ್ ಇವಾಂಜೆಲಿಯನ್' ಸಿನಿಮಾದಲ್ಲಿ ಅಸುಕಾಳನ್ನು ಶತ್ರುಗಳಿಂದ ಮರೆಮಾಡಲು ಅವಳ ಕೆಂಪು ಇವಾದೊಳಗಿಟ್ಟು ಒಂದು ಸರೋವರದ ತಳಕ್ಕೆ ಇಳಿಸುತ್ತಾರೆ. ಅವಳ ಹೆಸರಿನಲ್ಲಿರುವ ಸೋರ್ಯು, ಲ್ಯಾಂಗ್ಲಿ ಎರಡೂ ಎರಡನೇ ಮಹಾಯುದ್ಧದ ವಿಮಾನವಾಹಕ ಹಡಗುಗಳ ಹೆಸರು. ಒಂದು ಜಪಾನಿನದು, ಇನ್ನೊಂದು ಅಮೆರಿಕದ್ದು, ಎರಡೂ 1942ರಲ್ಲಿ ಕಡಲ ತಳ ಸೇರಿದವು. ಮೇಲಿನಿಂದ ಬಾಂಬು ಬೀಳುತ್ತಿರುವಾಗ ಆ ತಳದಲ್ಲಿ ಮುದುಡಿ ಕೂತು ಅಸುಕಾ ಸಾಯಲು ಒಲ್ಲೆನೆಂದು ಗೊಣಗುತ್ತಾಳೆ. ಅಲ್ಲಿ ಅವಳಿಗೆ ಗೊತ್ತಾಗುತ್ತದೆ: ಪ್ರಯೋಗದಲ್ಲಿ ಕಳೆದುಹೋದ ಅಮ್ಮನ ಪಾಲು ಈ ಇವಾದ ಒಳಗೇ ಇದೆ. ಯಾವತ್ತೂ ನೋಡಲಿಲ್ಲ ಎಂದುಕೊಂಡಿದ್ದ ಕಣ್ಣು ಇಷ್ಟು ದಿನ ಒಳಗಿನಿಂದ ನೋಡುತ್ತಲೇ ಇತ್ತು. ಹುಡುಗಿ ಮೇಲೇಳುತ್ತಾಳೆ. ಬ್ಯಾಟರಿ ಉಳಿದಿರುವುದು ಮೂರೂವರೆ ನಿಮಿಷ, ಎದುರಿಗೆ ಒಂಬತ್ತು ಇವಾಗಳು. ಒಂಬತ್ತನ್ನೂ ಕೆಡವುತ್ತಾಳೆ. ಈ ಸಲ ಯಾರಿಗೂ ತೋರಿಸಲೆಂದಲ್ಲ.

ಆಮೇಲೆ ಆ ಒಂಬತ್ತೂ ಮತ್ತೆ ಏಳುತ್ತವೆ. ಬ್ಯಾಟರಿ ಮುಗಿಯುತ್ತದೆ. ಮುಂದಿನದನ್ನು ಬರೆಯಲು ನನಗೆ ಮನಸ್ಸಿಲ್ಲ. ಅಮ್ಮ ಸಿಕ್ಕಳು, ಆದ್ದರಿಂದ ಗೆದ್ದಳು ಎಂದು ಅನ್ನೋ ಕತೆಯನ್ನು ಸುಲಭ ಮಾಡಲಿಲ್ಲ. ಗಾಯ ವಾಸಿಯಾದವರೂ ಸೋಲಬಹುದು. ಆದರೆ ಸಂಖ್ಯೆ ಇಳಿದಾಗ ಸೋತ ಹುಡುಗಿ ಬೇರೆ, ಇಲ್ಲಿ ಸೋತವಳು ಬೇರೆ. ಚೂರುಚೂರಾದ ಮೇಲೂ ಇವಳ ಕೈ ಆಕಾಶದ ಕಡೆಗೇ ಚಾಚಿರುತ್ತದೆ.

ಆ ಸಿನಿಮಾದ ಕೊನೆಗೆ, ಕೆಂಪು ಕಡಲ ದಂಡೆಯಲ್ಲಿ ಶಿಂಜಿ ಅವಳ ಕತ್ತು ಹಿಸುಕುತ್ತಾನೆ. ಅವಳು ಕೈಯೆತ್ತಿ ಅವನ ಕೆನ್ನೆ ಸವರುತ್ತಾಳೆ. ಅವನು ಕೈಬಿಟ್ಟು ಅಳತೊಡಗಿದಾಗ ಅಸಹ್ಯವೆಂಬಂಥ ಒಂದೇ ಮಾತು ಆಡುತ್ತಾಳೆ. ಇದರ ಅರ್ಥದ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ನನಗೆ ಕಾಣುವುದು ಇಷ್ಟು: ಕರುಣೆಯನ್ನು ಎಂದೂ ತೆಗೆದುಕೊಳ್ಳದವಳು ಅಲ್ಲಿ ಕರುಣೆಯನ್ನು ಕೊಟ್ಟಳು, ಆದರೆ ತನ್ನನ್ನು ಬಿಟ್ಟುಕೊಡಲಿಲ್ಲ.

2021ರ ಕೊನೆಯ ಸಿನಿಮಾದಲ್ಲಿ, ಆ ಹೊತ್ತಿಗೆ ಶಿಕಿನಾಮಿ ಎಂದು ಹೆಸರು ಬದಲಾದ ಅಸುಕಾ ಮತ್ತೆ ಅಂಥದೇ ದಂಡೆಯಲ್ಲಿ ಮಲಗಿರುತ್ತಾಳೆ. ಅವಳು ಒಳಗೊಳಗೆ ಬಯಸಿದ್ದು ಯಾರಾದರೂ ತಲೆ ನೇವರಿಸಲಿ ಎಂಬುದನ್ನಷ್ಟೇ ಎಂದು ಆ ಸಿನಿಮಾ ತೋರಿಸುತ್ತದೆ. ನೀನು ನೀನಾಗಿದ್ದರೆ ಸಾಕು ಎಂದು ಅವಳಿಗೆ ಹೇಳುವವನೂ ಸಿಗುತ್ತಾನೆ. ನೋಡಿ ನನಗೆ ಸಮಾಧಾನವಾಯಿತು. ಆದರೂ ನಾನು ಅಭಿಮಾನಿಯಾದದ್ದು ತಲೆ ನೇವರಿಸುವವರು ಯಾರೂ ಇಲ್ಲದಿದ್ದಾಗ ಸೊಂಟದ ಮೇಲೆ ಕೈಯಿಟ್ಟು ನಿಂತವಳಿಗೆ.

ಈಗ ನಾನು ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರತಿ ತರಗತಿಯಲ್ಲೂ ಇಂಥ ಒಂದಿಬ್ಬರು ಇದ್ದೇ ಇರುತ್ತಾರೆ, ಕೈ ಎಲ್ಲರಿಗಿಂತ ಮೊದಲು ಎತ್ತುವವರು, ಒಂದು ಅಂಕ ಕಡಿಮೆಯಾದರೆ ಮುಖ ತಿರುಗಿಸಿ ಕೂರುವವರು. ಸ್ಟಾಫ್‌ರೂಮಿನಲ್ಲಿ ಅವರಿಗೆ ಕೊಬ್ಬು ಎನ್ನುತ್ತಾರೆ. ಮನೆಯ ಕತೆ ಗೊತ್ತಾದ ದಿನ ಅದೇ ಬಾಯಿ ಪಾಪ ಎನ್ನುತ್ತದೆ. ಈ ಎರಡು ಮಾತುಗಳ ನಡುವೆ ಅವರಿಗೆ ನಿಲ್ಲಲು ಒಂದಿಷ್ಟು ಜಾಗ ಬೇಕು. ನಾನು ಅವರ ಉತ್ತರಪತ್ರಿಕೆಯನ್ನು ಎಲ್ಲರ ಪತ್ರಿಕೆಯಂತೆಯೇ ಬಿಗಿಯಾಗಿ ತಿದ್ದುತ್ತೇನೆ. ಅರ್ಥವಾಗದ್ದನ್ನು ಬಿಡಿಸಿ ಬರೆದ ಹಾಳೆಯೊಂದನ್ನು ಅದರೊಳಗೆ ಇಟ್ಟು, ಏನೂ ಹೇಳದೆ ವಾಪಸು ಕೊಡುತ್ತೇನೆ.